ದಾರಿ ತಪ್ಪಲು ಬಿಡುವ ಆಟ

ಎಂಜಿನಿಯರಿಂಗ್ ಕೊನೆಯ ವರ್ಷದವರು ಪ್ರಾಜೆಕ್ಟ್ ವಿಷಯ ಗೊತ್ತುಮಾಡುವ ಕಾಲ ಬಂತೆಂದರೆ ಈ ಅಂಕಣಕ್ಕೆ ಒಂದೇ ಧಾಟಿಯ ಪತ್ರಗಳು ಬರತೊಡಗುತ್ತವೆ. ‘ಹೈಸ್ಕೂಲ್ ಮಕ್ಕಳಿಗೆ ಮುಂದೇನು ಓದಬೇಕು, ಯಾವ ಕೆಲಸಕ್ಕೆ ಹೋಗಬಹುದು ಅಂತ ಆಟದ ಮೂಲಕ ತಿಳಿಸುವ ಆ್ಯಪ್ ಮಾಡ್ತಿದ್ದೇವೆ ಸರ್, ಅದರಲ್ಲಿ ಏನೇನಿರಬೇಕು?’ ಜೊತೆಗೊಂದು ಪಟ್ಟಿ ಇರುತ್ತದೆ: ಪಾಯಿಂಟ್ಸ್, ಬ್ಯಾಡ್ಜ್, ಲೆವೆಲ್, ಲೀಡರ್‌ಬೋರ್ಡ್, ಈಚೆಗೆ ಒಂದು ಚಾಟ್‌ಬಾಟ್. ಇನ್ನೊಂದು ಕಡೆಯಿಂದ ಪ್ರೌಢಶಾಲೆಯ ಮೇಷ್ಟ್ರುಗಳು ಕೇಳುತ್ತಾರೆ: ‘ಇಂಥ ಆ್ಯಪ್‌ಗಳಿಂದ ಮಕ್ಕಳಿಗೆ ಏನಾದರೂ ಉಪಯೋಗ ಇದೆಯಾ, ಇಲ್ಲ ಮೊಬೈಲ್ ಹಿಡಿಯೋಕೆ ಇನ್ನೊಂದು ನೆಪವಾ?’ ಇಬ್ಬರಿಗೂ ಸೇರಿಸಿ ಇವತ್ತು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಪಟ್ಟಿಯಲ್ಲಿರುವುದರಲ್ಲಿ ಮುಕ್ಕಾಲು ಪಾಲು ಬೇಡ. ಬೇಕಾದದ್ದು ಪಟ್ಟಿಯಲ್ಲಿ ಇಲ್ಲ.

ಈ ಪಟ್ಟಿಯ ಹಿಂದಿರುವ ಗೇಮಿಫಿಕೇಶನ್ ಎಂಬ ಮಾತನ್ನು 2002ರ ಸುಮಾರಿಗೆ ಮೊದಲು ಬಳಸಿದವರು ನಿಕ್ ಪೆಲ್ಲಿಂಗ್ ಎಂಬ ಬ್ರಿಟಿಷ್ ಪ್ರೋಗ್ರಾಮರ್ ಎನ್ನುತ್ತಾರೆ. ಅದು ಎಲ್ಲರ ಬಾಯಿಗೆ ಬಂದದ್ದು 2010ರ ನಂತರ. ಆಟವಲ್ಲದ ಕೆಲಸಕ್ಕೆ ಆಟದ ವೇಷ ತೊಡಿಸುವುದು, ಇಷ್ಟೇ ಅದರ ಹುರುಳು. 2009ರಲ್ಲಿ ಶುರುವಾದ ಫೋರ್‌ಸ್ಕ್ವೇರ್, ಕಾಫಿ ಅಂಗಡಿಗೆ ಹೋಗಿ ಬಂದವರಿಗೆಲ್ಲ ಬ್ಯಾಡ್ಜ್ ಹಂಚಿತು, ಹೆಚ್ಚು ಸಲ ಹೋದವರನ್ನು ಆ ಜಾಗದ ‘ಮೇಯರ್’ ಮಾಡಿತು. ಆ ಮೇಯರ್‌ಗಿರಿ ಇವತ್ತು ಯಾರಿಗೂ ನೆನಪಿಲ್ಲ ಬಿಡಿ. ನೆನಪಿರುವುದು 2012ರಲ್ಲಿ ಎಲ್ಲರಿಗೂ ತೆರೆದುಕೊಂಡ ಡ್ಯುವೋಲಿಂಗೋ. ಒಂದು ಹಸಿರು ಗೂಬೆ ದಿನಾ ಬಂದು ‘ಇವತ್ತಿನ ಪಾಠ ಆಯ್ತಾ’ ಎಂದು ಕಾಡುತ್ತದೆ, ಎಷ್ಟು ದಿನ ಬಿಡದೆ ಓದಿದಿರಿ ಎಂಬ ಲೆಕ್ಕ ಇಡುತ್ತದೆ, ಒಂದು ದಿನ ತಪ್ಪಿದರೆ ಆ ಸರಣಿ ಕಡಿದುಹೋಗುತ್ತದೆ. ಅದನ್ನೇ ಸ್ಟ್ರೀಕ್ ಅನ್ನುವುದು. ನಮ್ಮ ಹುಡುಗರ ಪಟ್ಟಿ ಹೆಚ್ಚುಕಡಿಮೆ ಆ ಗೂಬೆಯನ್ನು ನೋಡಿಯೇ ತಯಾರಾಗಿರುತ್ತದೆ.

ಭಾಷೆ ಕಲಿಯುವವರಿಗೆ ಇದು ಹೊಂದುತ್ತದೆ. ಹೊಸ ಭಾಷೆಯ ಪದಗಳನ್ನು ದಿನಾ ಒಂದಿಷ್ಟು ಉರು ಹೊಡೆಯಲೇಬೇಕು, ಅದು ಬೇಸರದ ಕೆಲಸ, ಬೇಸರ ಕಳೆಯಲು ಒಂದು ಚಿನ್ನದ ನಕ್ಷತ್ರ ಕೊಟ್ಟರೆ ನಷ್ಟವೇನಿಲ್ಲ. ಆದರೆ ‘ಮುಂದೆ ನಾನೇನಾಗಲಿ’ ಅನ್ನುವುದು ಉರು ಹೊಡೆಯುವ ವಿಷಯವಲ್ಲ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಆ ಕುತೂಹಲ ತಾನಾಗಿಯೇ ಇರುತ್ತದೆ, ಅದಕ್ಕೆ ಬಹುಮಾನ ಕಟ್ಟಿದರೆ ಕೆಡುತ್ತದೆ. ಇದು ನನ್ನ ಊಹೆಯಲ್ಲ. ಮಾರ್ಕ್ ಲೆಪ್ಪರ್ ಮತ್ತು ಅವರ ಜೊತೆಗಾರರು 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ, ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡ್ತೇವೆ’ ಎಂದು ಮುಂಚೆಯೇ ಹೇಳಿ ಕೊಟ್ಟರು. ಇನ್ನೊಂದಕ್ಕೆ ಹೇಳದೆ ಆಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಆಟದ ಹೊತ್ತಿನಲ್ಲಿ ಬಣ್ಣದ ಪೆನ್ನುಗಳನ್ನು ಮತ್ತೆ ಇಟ್ಟು ನೋಡಿದರೆ, ಪ್ರಶಸ್ತಿಯ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅದರಲ್ಲಿ ತೊಡಗಿದರು. ಪ್ರಶಸ್ತಿ ಮುಗಿದ ಕೂಡಲೇ ಇಷ್ಟವೂ ಇಳಿದಿತ್ತು. ‘ಐದು ವೃತ್ತಿಗಳ ಬಗ್ಗೆ ಓದಿದರೆ 50 ಪಾಯಿಂಟ್’ ಎಂದು ಬರೆಯುವ ಹುಡುಗರು ಈ ಪೆನ್ನುಗಳ ಕತೆಯನ್ನು ಒಮ್ಮೆ ನೆನೆಯಬೇಕು. ಮಗು ಐದು ಪುಟ ಸರಸರನೆ ಮಗುಚುತ್ತದೆ, ಪಾಯಿಂಟ್ ಎಣಿಸಿಕೊಳ್ಳುತ್ತದೆ, ಪುಟದಲ್ಲಿ ಏನಿತ್ತೆಂದು ಕೇಳಿದರೆ ಮುಖ ನೋಡುತ್ತದೆ.

ಸ್ಟ್ರೀಕ್‌ನದು ಇನ್ನೂ ಬೇರೆಯದೇ ತೊಂದರೆ. ಹಳ್ಳಿಗಳಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮನೆ ಈಗ ಕಡಿಮೆ, ಆದರೆ ಫೋನು ಮನೆಯದು, ಮಗುವಿನದಲ್ಲ. ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರನ್ನು ಮಾತಾಡಿಸಿ ಮಾಡಿದ 2023ರ ಅಸರ್ ಶಿಕ್ಷಣ ಸಮೀಕ್ಷೆಯ ವರದಿಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಲು ಬರುವ ಹುಡುಗರಲ್ಲಿ ಸ್ವಂತ ಫೋನ್ ಇದ್ದವರು ಶೇ 43.7, ಹುಡುಗಿಯರಲ್ಲಿ ಶೇ 19.8. ಅಂದರೆ ಐವರು ಹುಡುಗಿಯರಲ್ಲಿ ನಾಲ್ವರು ಅಪ್ಪನದೋ ಅಣ್ಣನದೋ ಫೋನು ಕೇಳಿ ಪಡೆಯಬೇಕು. ಅಪ್ಪ ಸಂತೆಗೆ ಹೋದ ದಿನ ಫೋನೂ ಸಂತೆಗೆ ಹೋಗುತ್ತದೆ. ಆ ದಿನ ಅವಳ ಸ್ಟ್ರೀಕ್ ಕಡಿಯಿತು, ಹೆಸರು ಕೆಳಗಿಳಿಯಿತು. ಸೋಮಾರಿತನಕ್ಕೆ ದಂಡ ಹಾಕಲು ಇಟ್ಟ ನಿಯಮ, ಫೋನಿಲ್ಲದ್ದಕ್ಕೆ ದಂಡ ಹಾಕುತ್ತದೆ. ಯಾರಿಗೆ ಈ ಆ್ಯಪ್ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವಳನ್ನೇ ಅದು ಮೊದಲು ಹೊರಗೆ ಹಾಕುತ್ತದೆ.

ಲೀಡರ್‌ಬೋರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫಲಿತಾಂಶ ಬಂದ ವಾರ ನಮ್ಮ ಯಾವುದೇ ತಾಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು ನಿಂತು ನೋಡಿ. ರ‍್ಯಾಂಕ್ ಬಂದವರ ಫ್ಲೆಕ್ಸುಗಳ ನಡುವೆ ಆಕಾಶ ಕಾಣುವುದಿಲ್ಲ. ಅದೇ ಫ್ಲೆಕ್ಸನ್ನು ಚಿಕ್ಕದು ಮಾಡಿ ಮಗುವಿನ ಕೈಗೆ ಕೊಡಲು ಎಂಟು ಸೆಮಿಸ್ಟರ್ ಓದಬೇಕಿರಲಿಲ್ಲ.

ಹಾಗಾದರೆ ಆಟದಿಂದ ತೆಗೆದುಕೊಳ್ಳಬೇಕಾದದ್ದು ಏನು? ಮಕ್ಕಳು ಯಾವುದಾದರೂ ಆಟ ಆಡುವಾಗ ಸುಮ್ಮನೆ ಪಕ್ಕದಲ್ಲಿ ಕೂತು ನೋಡಿ. ಸೋಲುತ್ತಾರೆ, ‘ಅಯ್ಯೋ’ ಅನ್ನುತ್ತಾರೆ, ಮರುಕ್ಷಣ ಇನ್ನೊಂದು ಆಟ ಶುರುಮಾಡುತ್ತಾರೆ. ಹೋದ ಸಲ ಎಡಕ್ಕೆ ತಿರುಗಿದ್ದೆ, ಈ ಸಲ ಬಲಕ್ಕೆ ನೋಡೋಣ. ತಪ್ಪಿದರೆ ಏನೂ ಕಳೆದುಕೊಳ್ಳದೆ ಮತ್ತೆ ಹೊರಡಬಹುದು ಎಂಬ ಈ ಸಲಿಗೆಯೇ ಆಟದ ಜೀವ. ನಮ್ಮ ಓದಿನ ವ್ಯವಸ್ಥೆ ಮಕ್ಕಳಿಗೆ ಕೊಡದೆ ಉಳಿಸಿಕೊಂಡಿರುವುದೂ ಇದನ್ನೇ. ಎಸ್ಸೆಸ್ಸೆಲ್ಸಿ ಮುಗಿದ ಕೆಲವೇ ವಾರಗಳಲ್ಲಿ ಸೈನ್ಸೋ, ಕಾಮರ್ಸೋ, ಆರ್ಟ್ಸೋ, ಡಿಪ್ಲೊಮಾನೋ, ಐಟಿಐನೋ ಹೇಳಿಬಿಡಬೇಕು. ಹೇಳುವುದು ಮಗುವಲ್ಲ, ಚಿಕ್ಕಪ್ಪ. ‘ಸೈನ್ಸ್ ತಗೊಂಡಿರಲಿ, ಆಮೇಲೆ ಬೇಕಾದ್ದಕ್ಕೆ ಹೋಗಬಹುದು’ ಎಂಬ ಒಂದೇ ಮಾತು ಬೀದರಿನಿಂದ ಚಾಮರಾಜನಗರದವರೆಗೆ ಸಾವಿರಾರು ಮಕ್ಕಳ ಎರಡು ವರ್ಷವನ್ನು ತೀರ್ಮಾನಿಸುತ್ತದೆ. ಆ ಮಾತಿನಲ್ಲಿ ಸತ್ಯವಿಲ್ಲ ಎನ್ನಲಾರೆ. ಆದರೆ ಅದು ತಪ್ಪುವ ಭಯದಿಂದ ಹುಟ್ಟಿದ ಮಾತು, ಯಾವ ಬಾಗಿಲೂ ಮುಚ್ಚಿಹೋಗದಿರಲಿ ಎಂಬ ಭಯ.

ತಮಾಷೆಯೆಂದರೆ, ತಪ್ಪಿ ನೋಡಲು ಅವಕಾಶ ಕೊಡುವ ಒಂದು ಸುತ್ತನ್ನು ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ (ಕೆಇಎ) ನಡೆಸುತ್ತದೆ. ಕೆಸಿಇಟಿ ಬರೆದವರು ತಮಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುತ್ತಾರಲ್ಲ, ಆಪ್ಷನ್ ಎಂಟ್ರಿ, ಅದಾದ ಮೇಲೆ ಕೆಇಎ ಮೊದಲು ಒಂದು ಅಣಕು ಸೀಟು ಹಂಚಿಕೆ ಪ್ರಕಟಿಸುತ್ತದೆ. ಈ ಕ್ರಮದಲ್ಲಿ ತುಂಬಿದರೆ ನಿನಗೆ ಇಂಥದ್ದು ಸಿಗುತ್ತದೆ, ಬೇಡವಾದರೆ ಪಟ್ಟಿ ಬದಲಿಸಿಕೋ. ಬದಲಿಸಬಹುದು, ಸೇರಿಸಬಹುದು, ಅಳಿಸಬಹುದು, ಯಾರೂ ಏನೂ ಅನ್ನುವುದಿಲ್ಲ. ನಿಜವಾದ ಸುತ್ತು ಬಂದಾಗ ಮಾತ್ರ ನಾಲ್ಕು ಚಾಯ್ಸುಗಳ ಕಟ್ಟುನಿಟ್ಟು: ಸೀಟು ಒಪ್ಪಿ ಸೇರುತ್ತೀಯಾ, ಒಪ್ಪಿಕೊಂಡೇ ಮೇಲಿನದಕ್ಕೆ ಕಾಯುತ್ತೀಯಾ, ಬಿಟ್ಟು ಮುಂದಿನ ಸುತ್ತಿಗೆ ಬರುತ್ತೀಯಾ, ಪೂರಾ ಹೊರಗೆ ಹೋಗುತ್ತೀಯಾ. ಆ ವಾರಗಳಲ್ಲಿ ಅಪ್ಪಂದಿರು ಇಸ್ಪೀಟು ಪಂಡಿತರ ಹಾಗೆ ಹಳೆಯ ಕಟಾಫ್ ಹಾಳೆ ಹರವಿಕೊಂಡು ಲೆಕ್ಕ ಹಾಕುವುದನ್ನು ನೀವೂ ನೋಡಿರುತ್ತೀರಿ. ಅಣಕು ಸುತ್ತು ಒಳ್ಳೆಯ ವ್ಯವಸ್ಥೆ, ಆದರೆ ಬರುವುದು ಹದಿನೆಂಟನೆಯ ವಯಸ್ಸಿಗೆ, ಅದೂ ಪಿಯು ವಿಜ್ಞಾನದ ದಾರಿಯಲ್ಲಿ ಬಂದವರಿಗೇ ಹೆಚ್ಚು. ಅದೇ ಸುತ್ತು ಒಂಬತ್ತನೇ ತರಗತಿಯಲ್ಲಿ, ಎಲ್ಲ ಮಕ್ಕಳಿಗೂ, ಒಂದು ಕಾಲೇಜಿನ ಸೀಟಿಗಲ್ಲದೆ ಹತ್ತು ವರ್ಷದ ಬದುಕಿಗೆ ಬಂದರೆ? ಆ್ಯಪ್ ಮಾಡುವುದಾದರೆ ಅದನ್ನು ಮಾಡಿ ಎನ್ನುತ್ತೇನೆ.

ಇದು ಹೊಸ ಆಲೋಚನೆಯೂ ಅಲ್ಲ. 1960ರ ದಶಕದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಬಳಗದಲ್ಲಿದ್ದ ಸಮಾಜಶಾಸ್ತ್ರಜ್ಞೆ ಸರೇನ್ ಬೂಕಾಕ್ ‘ಲೈಫ್ ಕರಿಯರ್ ಗೇಮ್’ ಎಂಬ ಆಟ ರೂಪಿಸಿದ್ದರು. ಕಂಪ್ಯೂಟರ್ ಇಲ್ಲ, ಫೋನಿಲ್ಲ, ಬರೀ ಕಾಗದ. ಹೈಸ್ಕೂಲ್ ಮಕ್ಕಳ ಗುಂಪಿಗೆ ಒಬ್ಬ ಕಲ್ಪಿತ ವಿದ್ಯಾರ್ಥಿಯ ವಿವರ ಕೊಡುತ್ತಿದ್ದರು. ಓದಿಗೆಷ್ಟು ಸಮಯ, ದುಡಿಮೆಗೆಷ್ಟು, ಸಂಸಾರಕ್ಕೆಷ್ಟು, ಮೋಜಿಗೆಷ್ಟು ಎಂದು ಆ ಗುಂಪು ಅವನ ಒಂದೊಂದೇ ವರ್ಷವನ್ನು ಹಂಚಬೇಕು. ವರ್ಷ ಉರುಳಿದಂತೆ ಅದರ ಫಲ ಗೊತ್ತಾಗುತ್ತಾ ಹೋಗುತ್ತದೆ. ನನಗೆ ಇದರಲ್ಲಿ ತುಂಬ ಜಾಣತನ ಕಾಣುವುದು ಒಂದು ಕಡೆ: ಆಡುವುದು ಬೇರೆಯವರ ಬದುಕನ್ನು. ‘ನೀನೇನಾಗ್ತೀಯ’ ಎಂದು ಕೇಳಿದರೆ ನಮ್ಮ ಮಕ್ಕಳು ಡಾಕ್ಟರ್, ಎಂಜಿನಿಯರ್, ಐಎಎಸ್, ಪೊಲೀಸ್ ಎಂದು ಒಪ್ಪಿಸಿ ಕೂತುಬಿಡುತ್ತಾರೆ. ‘ಇವಳೇನಾಗಬಹುದು’ ಎಂದು ಕೇಳಿ ನೋಡಿ, ಜಗಳವೇ ಶುರುವಾಗುತ್ತದೆ.

ಅಂಥದೇ ಆಟಕ್ಕೆ ನಮ್ಮ ಕಡೆಯ ಒಬ್ಬಳು ಸವಿತಾಳನ್ನು ಕಲ್ಪಿಸಿಕೊಳ್ಳೋಣ. ಕುಷ್ಟಗಿ ತಾಲೂಕಿನ ಹಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ಶೇ 71. ಗಣಿತ ಪರವಾಗಿಲ್ಲ, ಇಂಗ್ಲಿಷ್ ಕಷ್ಟ, ಕೆಟ್ಟ ರೇಡಿಯೋ ಬಿಚ್ಚಿ ನೋಡುವ ಚಪಲ. ಅಪ್ಪನಿಗೆ ನಾಲ್ಕೆಕರೆ ಮಳೆಯಾಶ್ರಿತ ಹೊಲ, ಒಬ್ಬ ತಮ್ಮ. ಪಿಯು ಕಾಲೇಜು ಹದಿನಾರು ಕಿಲೋಮೀಟರ್ ದೂರ. ಶಕ್ತಿ ಯೋಜನೆಯಿಂದಾಗಿ ಟಿಕೆಟ್ ಖರ್ಚಿಲ್ಲ, ಆದರೆ ಬಸ್ಸು ಬರಬೇಕಲ್ಲ. ಆಡುವವರು ನಾಲ್ವರು, ಫೋನು ಒಂದು. ಮೊದಲ ಸಲ ಎಲ್ಲರೂ ಅವಳಿಗೆ ಸೈನ್ಸ್ ಕೊಡಿಸುತ್ತಾರೆ. ವರ್ಷ ತಿರುಗುತ್ತದೆ, ಟ್ಯೂಷನ್ ಇಲ್ಲದೆ ಭೌತಶಾಸ್ತ್ರ ಕೈಕೊಡುತ್ತದೆ, ದಾಳ ಹಾಕಿದರೆ ‘ಮಳೆ ಬರಲಿಲ್ಲ’ ಎಂಬ ಚೀಟಿ. ಹಿಂದಕ್ಕೆ ಬನ್ನಿ. ಎರಡನೇ ಸಲ ಐಟಿಐ ಎಲೆಕ್ಟ್ರಾನಿಕ್ಸ್ ಟ್ರೇಡ್. ಒಬ್ಬ ಹುಡುಗ ಮೂಗು ಮುರಿಯುತ್ತಾನೆ. ಎರಡು ವರ್ಷ ಮುಗಿಸಿದಾಗ ಅಲ್ಲೊಂದು ಬಾಗಿಲು ತೆರೆಯುತ್ತದೆ: ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿದರೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ. ‘ಹಾಗಾದ್ರೆ ಈ ಕಡೆಯಿಂದ್ಲೂ ಬಿಇ ಮಾಡ್ಬೋದಾ?’ ಮಾಡಬಹುದು, ವರ್ಷಗಳಿಂದ ಮಾಡುತ್ತಿದ್ದಾರೆ. ಮೂರನೇ ಸಲ ಯಾರೋ ಜಿಟಿಟಿಸಿಯ ಚೌಕ ಮುಟ್ಟುತ್ತಾರೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಅದು. ಈಗ ರಾಜ್ಯದ ಹಲವು ಊರುಗಳಲ್ಲಿದೆ. ಎಸ್ಸೆಸ್ಸೆಲ್ಸಿ ಆದವರಿಗೆ ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಇದೆ, ಮೂರು ವರ್ಷ ಪಾಠ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಈ ಹೆಸರನ್ನೇ ಕೇಳದ ಹತ್ತನೇ ತರಗತಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆಯೆಂಬುದು ಪಿಯು ಓದುವ ಎಷ್ಟು ಮಕ್ಕಳಿಗೆ ಗೊತ್ತಿದೆ ಎಂದೂ ಕೇಳಿ ನೋಡಿ.

ಆ ದಾಳದ ಬಗ್ಗೆ ಒಂದು ಮಾತು. ಆಟದ ಮೂಲಕ ಬದುಕು ಕಲಿಸುವುದು ನಮಗೇನು ಸ್ಯಾನ್‌ಫ್ರಾನ್ಸಿಸ್ಕೋದಿಂದ ಬಂದ ವಿದ್ಯೆಯಲ್ಲ. ಏಕಾದಶಿಯ ಜಾಗರಣೆಗೆ ಹಾಸುತ್ತಿದ್ದ ಪರಮಪದ ಸೋಪಾನ ಪಟದಲ್ಲಿ ಏಣಿಯ ಬುಡದಲ್ಲಿ ಸದ್ಗುಣ, ಹಾವಿನ ಬಾಯಲ್ಲಿ ದುರ್ಗುಣ, ತುತ್ತತುದಿಯಲ್ಲಿ ವೈಕುಂಠ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಾಸುಗಳ ಮೇಲೆ ಆಡುವ ಹೊಸ ಹೊಸ ಆಟಗಳನ್ನೇ ರಚಿಸಿದ ಅರಸ. ಅವರ ಕೆಲವು ಆಟಗಳ ಚಿತ್ರಗಳು ಜಗನ್ಮೋಹನ ಅರಮನೆಯ ಗೋಡೆಯ ಮೇಲಿವೆ. ಆದರೆ ಪರಮಪದದಲ್ಲಿ ಆಡುವವನು ಏನನ್ನೂ ತೀರ್ಮಾನಿಸುವುದಿಲ್ಲ. ದಾಳ ಬಿದ್ದ ಕಡೆ ಕಾಯಿ ಹೋಗುತ್ತದೆ, ಅಷ್ಟೆ. ವೃತ್ತಿಯ ಆ್ಯಪ್‌ಗಳು ಇದಕ್ಕೆ ಪೂರಾ ತದ್ವಿರುದ್ಧ. ಅಲ್ಲಿ ದಾಳವೇ ಇಲ್ಲ, ‘ಗುರಿ ಇಡು, ಶ್ರಮಿಸು, ತಲುಪು’ ಎಂಬ ನೇರ ರಸ್ತೆ. ಎರಡೂ ಅರ್ಧ ಸತ್ಯ. ಜಾನ್ ಕ್ರಂಬೋಲ್ಟ್ಸ್ ಎಂಬ ವೃತ್ತಿ ಸಲಹೆಯ ವಿದ್ವಾಂಸರು 1999ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಬರೆದ ಲೇಖನದಲ್ಲಿ, ಬಹಳ ಜನ ಕೆಲಸ ಹಿಡಿಯುವುದು ಆಕಸ್ಮಿಕದಿಂದಲೇ, ಆಕಸ್ಮಿಕ ಎದುರಾದಾಗ ಕೈಚಾಚುವ ಅಭ್ಯಾಸವನ್ನು ಮಾತ್ರ ಕಲಿಸಬಹುದು ಎಂದು ವಾದಿಸಿದರು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಯಾರೂ ನಕ್ಷೆ ಹಾಕಿಕೊಂಡು ಈಗಿನ ಕೆಲಸಕ್ಕೆ ಬಂದಿರುವುದಿಲ್ಲ. ಹಾಗಾಗಿ ಆಟದಲ್ಲಿ ದಾಳವೂ ಬೇಕು, ದಾಳ ಬಿದ್ದ ಮೇಲೆ ಏನು ಮಾಡುತ್ತೀ ಎಂಬ ಪ್ರಶ್ನೆಯೂ ಬೇಕು.

ಇನ್ನು ಎಲ್ಲ ಆ್ಯಪ್‌ಗಳ ಮೊದಲ ಪುಟದಲ್ಲೂ ಇರುವ ಆಸಕ್ತಿ ಪರೀಕ್ಷೆ. ಇದರ ಬೇರು ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿದೆ. ಕೈಕೆಲಸ, ಶೋಧ, ಕಲೆ, ಜನಸೇವೆ, ವ್ಯವಹಾರ, ಕಚೇರಿ ಶಿಸ್ತು ಹೀಗೆ ಆರು ಒಲವುಗಳಲ್ಲಿ ನಿಮ್ಮದು ಯಾವುದೆಂದು ಕಂಡುಹಿಡಿಯುವುದು. ಅಮೆರಿಕದ ಕಾರ್ಮಿಕ ಇಲಾಖೆ ಇದರ ಮೇಲೆ ಕಟ್ಟಿದ 60 ಪ್ರಶ್ನೆಗಳ ಒಂದು ಪರೀಕ್ಷೆಯನ್ನು ಪುಕ್ಕಟೆ ಇಟ್ಟಿದೆ. ನಮ್ಮ ಪ್ರಾಜೆಕ್ಟ್‌ಗಳೂ ಅಲ್ಲಿಂದ ಎತ್ತಿಕೊಳ್ಳುತ್ತವೆ. ಅಡುಗೆಮನೆಯ ಕಪಾಟು ಮಾಡುವುದು ನಿಮಗೆ ಇಷ್ಟವೇ? ಇಟ್ಟಿಗೆ ಜೋಡಿಸುವುದು ಇಷ್ಟವೇ? ಅಲ್ಲಿ ಇದು ಸಾದಾ ಪ್ರಶ್ನೆ ಇರಬಹುದು. ಇಲ್ಲಿ ಮರಗೆಲಸಕ್ಕೂ ಗಾರೆಗೆಲಸಕ್ಕೂ ಜಾತಿ ಅಂಟಿದೆ, ಕೂಲಿ ಅಂಟಿದೆ, ‘ಓದಿ ಇದನ್ನೇ ಮಾಡೋದಾ’ ಎಂಬ ಅಮ್ಮನ ಕಣ್ಣೀರು ಅಂಟಿದೆ. ಮರ ಕೆತ್ತುವುದೆಂದರೆ ಪ್ರಾಣ ಬಿಡುವ ಹುಡುಗನೂ ಆ ಪ್ರಶ್ನೆಗೆ ‘ಇಷ್ಟವಿಲ್ಲ’ ಒತ್ತುತ್ತಾನೆ. ಆ್ಯಪ್ ಅವನನ್ನು ಬ್ಯಾಂಕ್ ಪರೀಕ್ಷೆಗೆ ಕಳಿಸುತ್ತದೆ. ಒಲವು ತಿಳಿಯಬೇಕೆಂದರೆ ಕೇಳಬೇಡಿ, ಆಟದಲ್ಲಿ ಅವನು ಯಾವ ಚೌಕಕ್ಕೆ ಮತ್ತೆ ಮತ್ತೆ ಹಿಂದಿರುಗುತ್ತಾನೆ ಎಂದು ಅವನಿಗೇ ತೋರಿಸಿ.

ಆಟ ಸುಳ್ಳು ಹೇಳಬಾರದು ಎಂಬುದೂ ಮುಖ್ಯ. ಪ್ರೋತ್ಸಾಹದ ಹೆಸರಲ್ಲಿ ಎಲ್ಲರನ್ನೂ ಗೆಲ್ಲಿಸುವ ಆ್ಯಪ್‌ಗಳಿವೆ. ಯುಪಿಎಸ್‌ಸಿಯ 2023ರ ನಾಗರಿಕ ಸೇವಾ ಪರೀಕ್ಷೆಗೆ 10 ಲಕ್ಷಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು, ಆಯ್ಕೆಯಾದವರು 1016. ಆ ಚೌಕಕ್ಕೆ ಹೋಗುವವನಿಗೆ ಈ ಅಂಕಿ ಕಾಣಲಿ. ಹೋಗಬೇಡ ಎಂದಲ್ಲ, ಐದು ವರ್ಷ ಅದಕ್ಕೆ ಕೊಟ್ಟು ಹೊರಬಿದ್ದರೆ ಆ ಓದು ಇನ್ನೆಲ್ಲಿ ಕೆಲಸಕ್ಕೆ ಬರುತ್ತದೆ ಎಂಬ ಪಕ್ಕದ ದಾರಿಯೂ ಅಲ್ಲೇ ಕಾಣಲಿ.

ಇಷ್ಟಾದರೂ ಇದು ಪರದೆಯ ಒಳಗಿನ ಆಟ. ಆ್ಯಪ್‌ಗೆ ನಾನು ಕೊಡುವ ಅತಿ ಹೆಚ್ಚಿನ ಅಂಕ, ಅದು ಮಗುವನ್ನು ಎಷ್ಟು ಸಲ ಫೋನು ಕೆಳಗಿಡುವಂತೆ ಮಾಡಿತು ಎಂಬುದಕ್ಕೆ. ನಾನು ನೋಡಿದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಡಂ ಒಬ್ಬರು ಯಾವ ಆ್ಯಪೂ ಇಲ್ಲದೆ ಇದನ್ನು ಮಾಡಿಸುತ್ತಿದ್ದರು. ಮಕ್ಕಳು ಊರಲ್ಲಿ ಕೆಲಸ ಮಾಡುವ ಯಾರನ್ನಾದರೂ ಮಾತಾಡಿಸಿ ಬರಬೇಕು, ನಾಲ್ಕೇ ಪ್ರಶ್ನೆ. ಬೆಳಗ್ಗೆ ಮೊದಲು ಮಾಡುವ ಕೆಲಸ ಯಾವುದು? ಇದನ್ನು ಎಲ್ಲಿ, ಯಾರ ಹತ್ತಿರ ಕಲಿತಿರಿ? ದುಡ್ಡು ತಿಂಗಳಿಗೆ ಬರುತ್ತಾ, ಸೀಸನ್ನಿಗೆ ಬರುತ್ತಾ? ನಿಮ್ಮ ಮಕ್ಕಳು ಇದೇ ಕೆಲಸಕ್ಕೆ ಬರಲಿ ಅಂತೀರಾ? ಒಬ್ಬ ಹುಡುಗ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ ಬಂದಿದ್ದ. ಸುಟ್ಟ ತಂತಿ ಕತ್ತರಿಸಿ ತೆಗೆಯುವ ಮುಂಚೆ ಎಷ್ಟು ಸುತ್ತು ಇತ್ತೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕಂತೆ, ತಂತಿಯ ದಪ್ಪ ಅಳೆಯಬೇಕಂತೆ, ಒಂದು ಲೆಕ್ಕ ತಪ್ಪಿದರೆ ಮೋಟಾರು ವಾರದೊಳಗೆ ಮತ್ತೆ ಸುಡುತ್ತದಂತೆ. ಬೇಸಿಗೆಯಲ್ಲಿ ಊಟಕ್ಕೆ ಪುರುಸೊತ್ತಿಲ್ಲ, ಮಳೆಗಾಲದಲ್ಲಿ ಅಂಗಡಿ ಖಾಲಿ. ಕೊನೆಯ ಪ್ರಶ್ನೆಗೆ ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರಲಿ, ಆದರೆ ಐಟಿಐ ಮಾಡ್ಕೊಂಡು ಬರಲಿ’ ಅಂದರಂತೆ. ವೃತ್ತಿ ಮಾರ್ಗದರ್ಶನದ ಹೊಳಪಿನ ಹೊತ್ತಗೆಗಳಲ್ಲಿ ನಾನು ಇಷ್ಟು ಉಪಯುಕ್ತವಾದ ಒಂದು ವಾಕ್ಯ ಓದಿಲ್ಲ.

ಈ ಕೆಲಸವನ್ನು ಆಟದೊಳಗೆ ತಂದರೆ ಬಹುಮಾನದ ಪ್ರಶ್ನೆಯೂ ಬಗೆಹರಿಯುತ್ತದೆ. ಹುಡುಗ ಆ ಮಾತುಕತೆಯನ್ನು ಒಂದು ನಿಮಿಷದ ಧ್ವನಿಯಾಗಿ ತನ್ನದೇ ಕನ್ನಡದಲ್ಲಿ ದಾಖಲಿಸಲಿ. ಪಾಯಿಂಟ್ ಬೇಡ. ಅದರ ಬದಲು ಸವಿತಾಳ ಆಟದಲ್ಲಿ ಅವನಿಂದಾಗಿ ಒಂದು ಹೊಸ ಚೌಕ ತೆರೆದುಕೊಳ್ಳಲಿ, ಅವನ ತರಗತಿಯವರೆಲ್ಲ ಆ ಚೌಕದಲ್ಲಿ ಆಡಲಿ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯನ್ ಎಂಬ ಮನಶ್ಶಾಸ್ತ್ರಜ್ಞರು ದಶಕಗಳಿಂದ ಹೇಳುತ್ತಿರುವುದೂ ಇದನ್ನೇ: ತಾನೇ ಆರಿಸಿದೆ, ತನ್ನ ಕೈ ಪಳಗುತ್ತಿದೆ, ತನ್ನವರು ಜೊತೆಗಿದ್ದಾರೆ ಎಂಬ ಮೂರು ಭಾವವಿದ್ದರೆ ಮನುಷ್ಯನಿಗೆ ಬೇರೆ ಆಮಿಷ ಬೇಕಾಗುವುದಿಲ್ಲ. ಇದಕ್ಕೆ ದಿನಾ ಇಂಟರ್‌ನೆಟ್ಟೂ ಬೇಡ. ವಾರಕ್ಕೊಮ್ಮೆ ಶಾಲೆಯ ಒಂದು ಫೋನಿನಲ್ಲಿ ಆಡಿದರೂ ಸಾಕು.

ಒಂದು ಎಚ್ಚರಿಕೆ ಹೇಳದೆ ಬಿಡಲಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾರನೇ ದಿನವೇ ‘ನಿಮ್ಮ ಮಗಳಿಗೆ ನಮ್ಮ ಕಾಲೇಜಲ್ಲಿ ಸೀಟಿದೆ’ ಎಂದು ಫೋನು ಬಂದ ಅನುಭವ ಬಹಳ ಮನೆಗಳಿಗಿದೆ. ನಂಬರು ಎಲ್ಲಿಂದ ಸಿಕ್ಕಿತು ಎಂದು ಯಾರೂ ಹೇಳುವುದಿಲ್ಲ. ವೃತ್ತಿಯ ಆಟ ಆಡುವ ಮಗು ತನ್ನ ಅಂಕ, ಊರು, ಆಸೆ, ಮನೆಯ ಪರಿಸ್ಥಿತಿ ಎಲ್ಲವನ್ನೂ ಆ್ಯಪ್‌ಗೆ ಹೇಳುತ್ತದೆ. ಕಾಲೇಜುಗಳಿಗೆ ಇದಕ್ಕಿಂತ ರುಚಿಯಾದ ಮಾಹಿತಿ ಇನ್ನೊಂದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನ ಎಲ್ಲರನ್ನೂ ಮಕ್ಕಳೆಂದೇ ನೋಡುತ್ತದೆ. ಅವರ ಮಾಹಿತಿ ಪಡೆಯಲು ಪೋಷಕರ ಖಚಿತ ಒಪ್ಪಿಗೆ ಬೇಕು, ಅವರ ನಡವಳಿಕೆಯ ಬೆನ್ನುಹತ್ತುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಅದು ನಿಷೇಧಿಸುತ್ತದೆ, ಮೀರಿದರೆ ದಂಡ 200 ಕೋಟಿ ರೂಪಾಯಿವರೆಗೂ ಹೋಗಬಹುದು. ಸವಿತಾಳ ಆಟದ ಇನ್ನೊಂದು ಅನುಕೂಲ ಇಲ್ಲಿದೆ. ಹೆಸರು, ಅಂಕ, ಊರು ಎಲ್ಲ ಅವಳದು. ಆಡುವ ಮಗುವಿನಿಂದ ಏನನ್ನೂ ಕೇಳಬೇಕಿಲ್ಲ, ಕೇಳದಿದ್ದರೆ ಮಾರಲು ಏನೂ ಇರುವುದಿಲ್ಲ.

ಹಾಗಾಗಿ ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರಿಗೆ ನನ್ನ ಕೋರಿಕೆ: ಈಗಲೇ ಕೋಡ್ ಬರೆಯಲು ಕೂರಬೇಡಿ. ಒಂದು ಡ್ರಾಯಿಂಗ್ ಶೀಟ್, ಒಂದು ದಾಳ, ಐವತ್ತು ಚೀಟಿ ತೆಗೆದುಕೊಂಡು ನಿಮ್ಮ ಕಾಲೇಜಿಗೆ ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಒಂದು ಶನಿವಾರ ಹೋಗಿ. ಸವಿತಾಳ ಊರನ್ನು ನಿಮ್ಮ ಸುತ್ತಲಿನ ಊರಾಗಿ ಬದಲಿಸಿ. ಐಟಿಐ, ಪಾಲಿಟೆಕ್ನಿಕ್, ಹಾಸ್ಟೆಲ್ ಎಷ್ಟು ದೂರ, ಫೀಸೆಷ್ಟು ಎಂಬುದನ್ನು ಅಲ್ಲಿಗೇ ಹೋಗಿ ಕೇಳಿ ಬರೆಯಿರಿ. ಆಟ ಮುಗಿದಾಗ ಮಕ್ಕಳು ‘ಇನ್ನೊಂದಾಟ’ ಎಂದು ಕೇಳದಿದ್ದರೆ ಆ ಆಟವನ್ನು ಯಾವ ಆ್ಯಪೂ ಉಳಿಸಲಾರದು. ಕೇಳಿದರೆ ಆಗ ಕೋಡ್ ಬರೆಯಿರಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಡುತ್ತಿದೆ, ಅಲ್ಲಿ ಅರ್ಜಿ ಹಾಕಿ. ಮೇಷ್ಟ್ರುಗಳಿಗೂ ಅಷ್ಟೇ, ಆ್ಯಪ್ ಬರಲೆಂದು ಕಾಯುವ ಅಗತ್ಯವಿಲ್ಲ. ಆ ನಾಲ್ಕು ಪ್ರಶ್ನೆಗಳನ್ನು ಬರುವ ವಾರವೇ ಮಕ್ಕಳ ಕೈಗೆ ಕೊಡಿ, ಅವರು ತಂದ ಉತ್ತರಗಳಲ್ಲಿ ಒಂದೆರಡನ್ನು ನನಗೂ ಕಳಿಸಿ.